ಸುದ್ದಿ ನಮ್ಮ ರಾಜಕೀಯ ನಿಲುವನ್ನು ಹೇಗೆ ರೂಪಿಸುತ್ತದೆ: ಕರಾವಳಿಯ ಓದುಗರಿಗೆ ಒಂದು ತಿಂಗಳ ಸಮಗ್ರ ಮಾರ್ಗದರ್ಶಿ

ಕನ್ನಡದ ಮೊದಲ ಪತ್ರಿಕೆ ಹೊರಟದ್ದು ಮಂಗಳೂರಿನಿಂದ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ ಅದು ಪಾಕ್ಷಿಕ. ಓದಿದ್ದನ್ನು ಅರಗಿಸಿಕೊಳ್ಳಲು ಓದುಗನಿಗೆ ಹದಿನೈದು ದಿನದ ಬಿಡುವಿತ್ತು. ಈಗ ಸ್ಟೇಟ್‌ಬ್ಯಾಂಕಿನಲ್ಲಿ ಬಸ್ ಹತ್ತಿ ಕಂಕನಾಡಿಯಲ್ಲಿ ಇಳಿಯುವಷ್ಟರಲ್ಲಿ ಒಂದು ಸುದ್ದಿ, ಅದರ ಖಂಡನೆ, ಆ ಖಂಡನೆಯ ಗೇಲಿ ಮೂರೂ ಮೊಬೈಲಿಗೆ ಬಂದು ಬಿದ್ದಿರುತ್ತವೆ.

ಸುಳ್ಳು ಸುದ್ದಿಯನ್ನು ಪತ್ತೆ ಹಚ್ಚುವುದು ಹೇಗೆಂದು ಹೇಳುವ ಬರಹಗಳು ಬೇಕಾದಷ್ಟು ಇವೆ. ಅವು ಹೇಳುವುದು ಅರ್ಧ ಕೆಲಸವನ್ನು ಎಂಬುದು ನನ್ನ ಅಭಿಪ್ರಾಯ. ಒಂದಕ್ಷರ ಸುಳ್ಳು ಬರೆಯದೆಯೂ ಒಂದು ಜಿಲ್ಲೆಯ ಜನರ ಮನಸ್ಸನ್ನು ಬೇಕಾದ ಕಡೆಗೆ ತಿರುಗಿಸಬಹುದು. ಯಾವುದನ್ನು ಆರಿಸಿದರು, ಎಷ್ಟು ಸಲ ಹೇಳಿದರು, ಯಾವುದನ್ನು ಹೇಳದೆ ಬಿಟ್ಟರು ಎಂಬುದರಲ್ಲಿಯೇ ಹೆಚ್ಚಿನ ಕೆಲಸ ನಡೆದುಹೋಗುತ್ತದೆ. ಇಲ್ಲಿನ ಹೆಜ್ಜೆಗಳೆಲ್ಲ ಆ ಆಯ್ಕೆಯನ್ನು ಕಣ್ಣಿಗೆ ಕಾಣುವಂತೆ ಮಾಡುವುದಕ್ಕಾಗಿ.

ಬೇಕಾದ ಸಾಮಾನು ಕಡಿಮೆ. ಒಂದು ನೋಟ್ ಪುಸ್ತಕ, ಪೆನ್ನು, ಒಂದರ ಧೋರಣೆ ಇನ್ನೊಂದಕ್ಕೆ ಹೊಂದದ ಎರಡು ದಿನಪತ್ರಿಕೆ, ಈಗಾಗಲೇ ಕೈಯಲ್ಲಿರುವ ಮೊಬೈಲ್. ದಿನಕ್ಕೆ ಕಾಲು ಗಂಟೆಯಂತೆ ಒಂದು ತಿಂಗಳು. ಮನೆಯಲ್ಲಿ ಇಬ್ಬರು ಸೇರಿ ಮಾಡಿದರೆ ಒಳ್ಳೆಯದು. ಇಬ್ಬರ ಪಕ್ಷ ಬೇರೆಯಾಗಿದ್ದರೆ ಇನ್ನೂ ಒಳ್ಳೆಯದು.

ಹೆಜ್ಜೆ 1: ಪತ್ರಿಕೆ ಬಿಡಿಸುವ ಮೊದಲು ನಿಮ್ಮ ಪಟ್ಟಿ ಬರೆಯಿರಿ

ಬೆಳಗ್ಗೆ ಎದ್ದು ಮೊಬೈಲ್ ಮುಟ್ಟುವ ಮೊದಲು ನಿಮ್ಮ ವಾರ್ಡಿನಲ್ಲಿ ಅಥವಾ ಗ್ರಾಮದಲ್ಲಿ ನಿಮಗೆ ತೊಂದರೆ ಕೊಡುತ್ತಿರುವ ಐದು ಸಂಗತಿಗಳನ್ನು ಬರೆಯಿರಿ. ಯಾರಿಗೂ ತೋರಿಸಬೇಕಾಗಿಲ್ಲ. ಸಂಜೆ ಏಳರ ಮೇಲೆ ಒಳದಾರಿಗೆ ಬಸ್ ಇಲ್ಲ. ಮಳೆ ಬಂದರೆ ಚರಂಡಿ ನೀರು ಅಂಗಳಕ್ಕೆ ಬರುತ್ತದೆ. ಡೀಸೆಲ್ ದರ ನೋಡಿದರೆ ಬೋಟನ್ನು ಕಡಲಿಗೆ ಇಳಿಸುವುದೇ ನಷ್ಟ. ಅಡಿಕೆಗೆ ಕೊಳೆರೋಗ. ಓದು ಮುಗಿಸಿದ ಮಗಳು ಬೆಂಗಳೂರಿಗೋ ಗಲ್ಫಿಗೋ ಹೋಗದೆ ಉಪಾಯವಿಲ್ಲ. ಹೀಗೆ.

ಆಮೇಲೆ ಆರನೆಯ ಸಾಲಿನಲ್ಲಿ, ಈಗ ದೇಶದ ಅತಿ ದೊಡ್ಡ ಸಮಸ್ಯೆ ಯಾವುದೆಂದು ನಿಮಗೆ ಅನ್ನಿಸುತ್ತದೆಯೋ ಅದನ್ನು ಬರೆಯಿರಿ. ದಿನಾಂಕ ಹಾಕಿ, ಪುಟ ಮಡಚಿ ಇಡಿ. ತಿಂಗಳ ಕೊನೆಯವರೆಗೆ ಅದನ್ನು ತೆರೆಯಬೇಡಿ.

ಮೊದಲ ಐದನ್ನು ಬರೆಸಿದ್ದು ನಿಮ್ಮ ಕಾಲು, ಕಣ್ಣು, ಜೇಬು. ಆರನೆಯದನ್ನು ಬಹುಮಟ್ಟಿಗೆ ಬರೆಸಿದ್ದು ಮಾಧ್ಯಮ. ದೇಶದ ಸಮಸ್ಯೆಯನ್ನು ನೇರವಾಗಿ ಕಂಡವರು ಯಾರೂ ಇಲ್ಲ. ಯಾರೋ ತೋರಿಸಿದ್ದನ್ನು ಕಂಡಿದ್ದೇವೆ. 1968ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಮ್ಯಾಕ್ಸ್‌ವೆಲ್ ಮೆಕ್‌ಕೋಂಬ್ಸ್ ಮತ್ತು ಡೊನಾಲ್ಡ್ ಶಾ ಎಂಬ ಇಬ್ಬರು ಸಂಶೋಧಕರು ಚಾಪೆಲ್ ಹಿಲ್ ಎಂಬ ಊರಿನಲ್ಲಿ, ಯಾರಿಗೆ ಮತ ಹಾಕುವುದೆಂದು ತೀರ್ಮಾನಿಸದ 100 ಮತದಾರರನ್ನು ಮಾತನಾಡಿಸಿದರು. ಮತದಾರರು ಮುಖ್ಯವೆಂದು ಹೇಳಿದ ವಿಷಯಗಳ ಕ್ರಮವೂ ಅಲ್ಲಿನ ಸುದ್ದಿಮಾಧ್ಯಮಗಳು ಒತ್ತು ಕೊಟ್ಟ ವಿಷಯಗಳ ಕ್ರಮವೂ ಹೆಚ್ಚುಕಡಿಮೆ ಒಂದೇ ಆಗಿತ್ತು. 1972ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ ಇಷ್ಟು: ಏನು ಯೋಚಿಸಬೇಕು ಎಂಬುದನ್ನು ಮಾಧ್ಯಮ ಹೇಳಿಕೊಡದೆ ಇರಬಹುದು, ಯಾವುದರ ಬಗ್ಗೆ ಯೋಚಿಸಬೇಕು ಎಂಬುದನ್ನು ಮಾತ್ರ ಬಲವಾಗಿಯೇ ಹೇಳಿಕೊಡುತ್ತದೆ.

ಹೆಜ್ಜೆ 2: ಸುದ್ದಿಯನ್ನು ನಿಮ್ಮ ಕೈಗೆ ಕೊಟ್ಟವರು ಯಾರು?

ಮುಂದಿನ ಕೆಲವು ದಿನ ಸುದ್ದಿಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ಅದು ಬಂದ ದಾರಿಯನ್ನು ಬರೆಯಿರಿ. ಪುಟದಲ್ಲಿ ನಾಲ್ಕು ಕಾಲಂ ಎಳೆಯಿರಿ. ವಿಷಯ ಏನು, ಮೊದಲು ಎಲ್ಲಿ ಕಂಡಿತು, ಅದನ್ನು ಅಲ್ಲಿಗೆ ತಂದವರು ಯಾರು, ಕಂಡ ಕೂಡಲೇ ನಿಮಗೆ ಏನಾಯಿತು. ಕೊನೆಯ ಕಾಲಮಿಗೆ ಒಂದೊಂದೇ ಪದ ಸಾಕು: ಸಿಟ್ಟು, ಭಯ, ಹೆಮ್ಮೆ, ನಗು, ಏನೂ ಇಲ್ಲ.

ಬಹಳ ಜನರಿಗೆ ಇಲ್ಲಿಯೇ ಮೊದಲ ಆಶ್ಚರ್ಯ ಕಾದಿರುತ್ತದೆ. ನಾನು ದಿನಾ ಪತ್ರಿಕೆ ಓದುವವನು ಎಂದುಕೊಂಡವರ ಪುಟದಲ್ಲಿಯೂ ಮುಕ್ಕಾಲು ಪಾಲು ಸುದ್ದಿ ಕುಟುಂಬದ ಗ್ರೂಪಿನಿಂದ, ಹಳೆ ವಿದ್ಯಾರ್ಥಿಗಳ ಗ್ರೂಪಿನಿಂದ, ಯುವಕ ಮಂಡಲದ ಗ್ರೂಪಿನಿಂದ ಬಂದಿರುತ್ತದೆ. ಇದು ಮೊಬೈಲ್ ತಂದ ಹೊಸ ರೋಗವೇನೂ ಅಲ್ಲ. 1940ರಲ್ಲಿ ಒಹಾಯೋ ರಾಜ್ಯದ ಒಂದು ಕೌಂಟಿಯಲ್ಲಿ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಜೊತೆಗಾರರು ಮತದಾರರನ್ನು ತಿಂಗಳು ತಿಂಗಳು ಮಾತನಾಡಿಸಿದಾಗ, ರೇಡಿಯೋ ಮತ್ತು ಪತ್ರಿಕೆಗಿಂತ ತಮಗೆ ಗೊತ್ತಿರುವ, ವಿಷಯ ತಿಳಿದವರೆಂದು ನಂಬಿದ ಜನರ ಮಾತೇ ಹೆಚ್ಚು ನಾಟುವುದು ಕಂಡುಬಂತು. ನಮ್ಮ ಊರಿನಲ್ಲಿ ಆ ಜಾಗದಲ್ಲಿ ಸೆಲೂನಿನವರು, ಭಜನಾ ಮಂದಿರದ ಹಿರಿಯರು, ಮಸೀದಿ ಎದುರಿನ ಚಹಾದಂಗಡಿಯವರು, ಚರ್ಚಿನ ವಾಳೆಯ ಗುರಿಕಾರರು ಇದ್ದರು. ಈಗಲೂ ಇದ್ದಾರೆ. ಅವರ ಪಕ್ಕದಲ್ಲಿ ಗ್ರೂಪ್ ಅಡ್ಮಿನ್ ಕುರ್ಚಿ ಹಾಕಿಕೊಂಡಿದ್ದಾನೆ, ಅಷ್ಟೆ.

ನಾಲ್ಕನೆಯ ಕಾಲಂ ಮೇಲೆ ಕಣ್ಣಿಡಿ. ‘ಏನೂ ಇಲ್ಲ’ ಎಂದು ಬರೆದ ಸುದ್ದಿಗಳು ಬಹುಪಾಲು ಪತ್ರಿಕೆಯ ಒಳಪುಟದವು. ನಿಮ್ಮ ತೆರಿಗೆ, ನೀರು, ರಸ್ತೆಗೆ ಸಂಬಂಧಪಟ್ಟವು. ‘ಸಿಟ್ಟು’ ಎಂದು ಬರೆದವು ಎಲ್ಲಿಂದ ಬಂದಿವೆ ಎಂಬುದನ್ನು ನಿಮ್ಮ ಪುಟವೇ ಹೇಳುತ್ತದೆ.

ಹೆಜ್ಜೆ 3: ಮುಖಪುಟದ ಲೆಕ್ಕ

ಎರಡು ವಾರ ಎರಡೂ ಪತ್ರಿಕೆಗಳ ಮುಖಪುಟ ಮತ್ತು ಮೊದಲ ಸ್ಥಳೀಯ ಪುಟವನ್ನು ತೆಗೆದುಕೊಂಡು ಪ್ರತಿ ಸುದ್ದಿಯನ್ನು ಒಂದು ಗುಂಪಿಗೆ ಹಾಕಿ. ರಸ್ತೆ, ನೀರು, ವಿದ್ಯುತ್ ಒಂದು. ಬೆಲೆ, ಉದ್ಯೋಗ, ಮೀನುಗಾರಿಕೆ, ಕೃಷಿ ಒಂದು. ಶಾಲೆ, ಆಸ್ಪತ್ರೆ ಒಂದು. ಅಪರಾಧ ಮತ್ತು ಅಪಘಾತ ಒಂದು. ಜಾತಿ, ಧರ್ಮದ ತಂಟೆ ಒಂದು. ಕೊನೆಯದು ರಾಜಕಾರಣಿಗಳ ಹೇಳಿಕೆ ಮತ್ತು ಪ್ರತಿಹೇಳಿಕೆ.

ಕೊನೆಯ ಗುಂಪು ಊದಿಕೊಳ್ಳುತ್ತದೆ ಎಂದು ಈಗಲೇ ಹೇಳಿಬಿಡುತ್ತೇನೆ. ಕಾರಣ ಸರಳ: ಅದು ಎಲ್ಲಕ್ಕಿಂತ ಅಗ್ಗದ ಸುದ್ದಿ. ಒಂದು ಪತ್ರಿಕಾಗೋಷ್ಠಿಗೆ ಹೋಗಿ ಬಂದರೆ ಅರ್ಧ ಕಾಲಂ ತುಂಬುತ್ತದೆ, ಮರುದಿನ ಎದುರಾಳಿಯ ಉತ್ತರದಿಂದ ಇನ್ನರ್ಧ. ಒಂದು ಕಿಂಡಿ ಅಣೆಕಟ್ಟಿನ ಹಲಗೆ ಯಾಕೆ ಹಾಕಿಲ್ಲ ಎಂದು ಬರೆಯಬೇಕಾದರೆ ವರದಿಗಾರ ಬೈಕ್ ಹತ್ತಿ ಹೋಗಬೇಕು, ಕಡತ ನೋಡಬೇಕು, ನಾಲ್ಕು ಜನರನ್ನು ಕೇಳಬೇಕು. ಕಡಿಮೆ ಸಂಬಳಕ್ಕೆ ದುಡಿಯುವ ವರದಿಗಾರರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಇದರ ಜೊತೆಗೆ ಬಿಟ್ಟುಹೋದದ್ದನ್ನೂ ಎಣಿಸಬೇಕು, ಮತ್ತು ಅದೇ ಕಷ್ಟದ ಕೆಲಸ. ಕಡಲ್ಕೊರೆತವನ್ನು ನೋಡಿ. ಜೂನ್, ಜುಲೈ ಬಂತೆಂದರೆ ಉಳ್ಳಾಲ, ಸೋಮೇಶ್ವರ, ಕಾಪು, ಮರವಂತೆಯ ಚಿತ್ರಗಳು ಮುಖಪುಟಕ್ಕೆ ಬರುತ್ತವೆ. ಬುಡ ಕಿತ್ತ ತೆಂಗಿನ ಮರ, ಸಚಿವರ ಭೇಟಿ, ಲಾರಿಯಲ್ಲಿ ಬಂದ ಕಲ್ಲು. ಚೌತಿ ಕಳೆದ ಮೇಲೆ ಕಡಲೂ ಶಾಂತ, ಪತ್ರಿಕೆಯೂ ಶಾಂತ. ಆದರೆ ತಡೆಗೋಡೆಯ ಟೆಂಡರು, ಬಿಲ್ಲು, ಕೆಲಸದ ಗುಣಮಟ್ಟ ಎಲ್ಲವೂ ತೀರ್ಮಾನವಾಗುವುದು ಆ ಶಾಂತ ತಿಂಗಳುಗಳಲ್ಲಿ. ಮತದಾರನಿಗೆ ಬೇಕಾದ ಸುದ್ದಿ ಡಿಸೆಂಬರಿನದು, ಅವನಿಗೆ ಸಿಗುವುದು ಜುಲೈನದು.

ತದ್ವಿರುದ್ಧ ಉದಾಹರಣೆಯೂ ನಮ್ಮಲ್ಲಿಯೇ ಇದೆ: ಸುರತ್ಕಲ್ ಟೋಲ್. ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್ ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಅಂತರ ಇರಬೇಕೆಂಬ ನಿಯಮವಿದ್ದರೂ ಹೆಜಮಾಡಿಯಲ್ಲೊಂದು, ಸ್ವಲ್ಪವೇ ದೂರದ ಸುರತ್ಕಲ್‌ನಲ್ಲಿ ಇನ್ನೊಂದು ವರ್ಷಗಟ್ಟಲೆ ನಡೆಯಿತು. ಜನ ಧರಣಿ ಕುಳಿತರು, ಬಿಡದೆ ಕುಳಿತರು. ಕಾರಿನವನ ಜೇಬಿಗೆ ಪಕ್ಷ, ಧರ್ಮ ಇಲ್ಲದ ಕಾರಣ ವಿಷಯವನ್ನು ಒಡೆಯುವುದೂ ಕಷ್ಟವಾಯಿತು. 2022ರ ಡಿಸೆಂಬರ್ 1ರಿಂದ ಅಲ್ಲಿ ಸುಂಕ ವಸೂಲಿ ನಿಂತಿತು. ಮುಖಪುಟದ ಕ್ರಮವನ್ನು ಕಚೇರಿಯಲ್ಲಿ ಕುಳಿತವರು ಮಾತ್ರ ಬರೆಯುವುದಿಲ್ಲ ಎಂಬುದನ್ನು ನಿಮ್ಮ ಲೆಕ್ಕದ ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ. ಕೊನೆಯ ಹೆಜ್ಜೆಗೆ ಅದು ಬೇಕು.

ಹೆಜ್ಜೆ 4: ಒಂದು ಘಟನೆ, ಎರಡು ವರದಿ

ಒಂದು ಘಟನೆಯನ್ನು ಊಹಿಸಿಕೊಳ್ಳಿ. ಬಸ್ ನಿಲ್ದಾಣದಲ್ಲಿ ಇಬ್ಬರು ಯುವಕರು ಹೊಡೆದಾಡಿದರು, ಒಬ್ಬನ ಹುಬ್ಬಿಗೆ ಗಾಯವಾಯಿತು, ಪೊಲೀಸರು ದೂರು ದಾಖಲಿಸಿಕೊಂಡರು. ಒಂದು ಪತ್ರಿಕೆಯಲ್ಲಿ ‘ಸೀಟಿನ ವಿಚಾರದಲ್ಲಿ ಹೊಡೆದಾಟ: ಓರ್ವನಿಗೆ ಗಾಯ’ ಎಂದು ಆರನೆಯ ಪುಟದಲ್ಲಿ ಬರುತ್ತದೆ. ಇನ್ನೊಂದರಲ್ಲಿ ‘ವಿದ್ಯಾರ್ಥಿ ಮೇಲೆ ಅನ್ಯಕೋಮಿನ ಯುವಕನಿಂದ ಹಲ್ಲೆ’ ಎಂದು ಮುಖಪುಟದಲ್ಲಿ ಬರುತ್ತದೆ. ಎರಡರಲ್ಲಿಯೂ ಸುಳ್ಳಿಲ್ಲ. ಆದರೆ ಮೊದಲನೆಯದನ್ನು ಓದಿದವನು ಮಧ್ಯಾಹ್ನದ ಊಟಕ್ಕೆ ಅದನ್ನು ಮರೆತಿರುತ್ತಾನೆ. ಎರಡನೆಯದನ್ನು ಓದಿದವನು ಮರುದಿನ ಬಸ್ಸಿನಲ್ಲಿ ಪಕ್ಕದ ಸೀಟಿನವನ ಹೆಸರು ತಿಳಿಯಲು ನೋಡುತ್ತಾನೆ.

ಇಂತಹ ಒಂದು ಸುದ್ದಿಯನ್ನು ಎರಡೂ ಪತ್ರಿಕೆಗಳಿಂದ ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸಿ. ಯಾರ ಹೆಸರು ಅಚ್ಚಾಗಿದೆ, ಯಾರದು ಇಲ್ಲ? ಮಾತನಾಡಿದವರು ಯಾರು, ಗಾಯಗೊಂಡವನೇ, ಪೊಲೀಸರೇ, ಸ್ಥಳದಲ್ಲಿಯೇ ಇಲ್ಲದ ಸಂಘಟನೆಯ ಮುಖಂಡರೇ? ಜಗಳದ ಕಾರಣ ಎಷ್ಟನೆಯ ಪ್ಯಾರಾದಲ್ಲಿ ಬಂದಿದೆ? ಆಮೇಲೆ ಪೆನ್ಸಿಲಿನಿಂದ ಹೆಸರು, ಧರ್ಮ, ಸಂಘಟನೆ ಎಲ್ಲವನ್ನೂ ಹೊಡೆದು ಹಾಕಿ ಉಳಿದದ್ದನ್ನು ಓದಿ. ಘಟನೆ ಇನ್ನೂ ಅರ್ಥವಾಗುತ್ತದೆಯೆಂದಾದರೆ ಆ ವಿವರಗಳು ಬೇರೆ ಕೆಲಸಕ್ಕಾಗಿ ಅಲ್ಲಿದ್ದವು. ಅರ್ಥವಾಗದಿದ್ದರೆ, ಅಂದರೆ ಹೊಡೆದದ್ದೇ ಧರ್ಮದ ಕಾರಣಕ್ಕೆ ಎಂದಾದರೆ, ಅದನ್ನು ಮುಚ್ಚಿಟ್ಟ ಪತ್ರಿಕೆಯೇ ನಿಮಗೆ ಅರೆಬರೆ ಸುದ್ದಿ ಕೊಟ್ಟಿದೆ. ಈ ಪರೀಕ್ಷೆ ಎರಡೂ ಕಡೆಗೆ ಕತ್ತರಿಸುತ್ತದೆ, ಕತ್ತರಿಸಬೇಕು.

ಹೆಚ್ಚು ಧೈರ್ಯವಿದ್ದವರಿಗೆ ದೊಡ್ಡ ಉದಾಹರಣೆ: ಉಡುಪಿಯ ಸರಕಾರಿ ಪದವಿಪೂರ್ವ ಕಾಲೇಜಿನಲ್ಲಿ ಶುರುವಾಗಿ 2022ರ ಆರಂಭದಲ್ಲಿ ದೇಶದ ಕ್ಯಾಮೆರಾಗಳನ್ನೆಲ್ಲ ಗೇಟಿನ ಮುಂದೆ ನಿಲ್ಲಿಸಿದ ಹಿಜಾಬ್ ಪ್ರಕರಣ. ಹೈಕೋರ್ಟು ಅದೇ ವರ್ಷ ಮಾರ್ಚ್ 15ರಂದು ತೀರ್ಪು ಕೊಟ್ಟಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಒಂದೇ ಗೇಟಿನ ಎದುರು ನಿಂತು ಒಬ್ಬರು ಸಮವಸ್ತ್ರದ ಶಿಸ್ತನ್ನು ತೋರಿಸಿದರು, ಒಬ್ಬರು ಧಾರ್ಮಿಕ ಹಕ್ಕನ್ನು, ಒಬ್ಬರು ಹೆಣ್ಣುಮಕ್ಕಳ ಓದನ್ನು, ಇನ್ನೊಬ್ಬರು ಚುನಾವಣೆಯ ಲೆಕ್ಕಾಚಾರವನ್ನು. ‘ಅದು ಯಾವುದರ ಕುರಿತ ವಿವಾದ’ ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಇನ್ನೊಂದು ಸಮುದಾಯದ ಪರಿಚಿತರೊಬ್ಬರಿಂದಲೂ ಬರೆಸಿ. ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟಾಗ, ನೀವಿಬ್ಬರೂ ಮೊದಲು ಯಾವ ಚಾನೆಲ್ ನೋಡಿದ್ದಿರಿ ಎಂಬುದನ್ನು ಹೆಚ್ಚು ಕಷ್ಟವಿಲ್ಲದೆ ಊಹಿಸಬಹುದು.

ಹೆಜ್ಜೆ 5: ಮೊಬೈಲಿನ ವ್ಯವಸ್ಥೆಯನ್ನು ನಿಮಗೆ ಬೇಕಾದಂತೆ ಬದಲಿಸಿ

ಪತ್ರಿಕೆಯಲ್ಲಿ ಸಂಪಾದಕ ಮಾಡುವ ಆಯ್ಕೆಯನ್ನು ಮೊಬೈಲಿನಲ್ಲಿ ಲೆಕ್ಕಾಚಾರದ ಯಂತ್ರ (ಅಲ್ಗಾರಿದಂ) ಮಾಡುತ್ತದೆ. ಅದಕ್ಕೆ ನಿಮ್ಮ ಪಕ್ಷ ಬೇಕಾಗಿಲ್ಲ, ನಿಮ್ಮ ಹೊತ್ತು ಬೇಕು. 2017ರಿಂದ ಫೇಸ್‌ಬುಕ್ ‘ಸಿಟ್ಟು’ ಸೇರಿದಂತೆ ಎಮೋಜಿಗಳಿಗೆ ಒಂದು ಲೈಕಿಗಿಂತ ಐದು ಪಟ್ಟು ತೂಕ ಕೊಡುತ್ತಿತ್ತು. ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದ್ದು 2020ರಲ್ಲಿ. ಅಷ್ಟು ವರ್ಷ ಜನರನ್ನು ಕೆರಳಿಸುವ ಬರಹಕ್ಕೆ ಮೇಲಿನ ಸ್ಥಾನ ಸುಲಭವಾಗಿ ಸಿಗುತ್ತಿತ್ತು.

ಹಾಗೆಂದು ಎಲ್ಲವನ್ನೂ ಯಂತ್ರದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಟ್ವಿಟರಿನ ಸುಮಾರು 1,26,000 ಸುದ್ದಿಗಳ ಹರಿವನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದ ಪ್ರಕಾರ ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ. 70ರಷ್ಟು ಹೆಚ್ಚು, ಮತ್ತು ಅದಕ್ಕೆ ಮುಖ್ಯ ಕಾರಣ ಮನುಷ್ಯರೇ. 2020ರ ಅಮೆರಿಕದ ಚುನಾವಣೆಯ ವೇಳೆ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಬಳಕೆದಾರರಿಗೆ ಯಂತ್ರದ ಆಯ್ಕೆ ಬಿಟ್ಟು ಸಂಶೋಧಕರು ಕಾಲಕ್ರಮದಲ್ಲಿ ಪೋಸ್ಟುಗಳನ್ನು ತೋರಿಸಿ ನೋಡಿದರು. ಮೂರು ತಿಂಗಳಲ್ಲಿ ಅವರ ರಾಜಕೀಯ ನಿಲುವಿನಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಮೊಬೈಲ್ ಸೆಟ್ಟಿಂಗ್ ಬದಲಿಸಿದ ಮಾತ್ರಕ್ಕೆ ನಿಲುವು ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬದಲಾವಣೆ ಮಾಡಬೇಕಾದದ್ದು ನಿಮ್ಮ ಹೊತ್ತು ಉಳಿಸಿಕೊಳ್ಳಲು.

ಮಾಡಬೇಕಾದದ್ದು ಇಷ್ಟು. ಯೂಟ್ಯೂಬಿನಲ್ಲಿ ಆಟೋಪ್ಲೇ ನಿಲ್ಲಿಸಿ, ವೀಕ್ಷಣೆಯ ಇತಿಹಾಸವನ್ನು ಅಳಿಸಿ. ಇನ್‌ಸ್ಟಾಗ್ರಾಂನಲ್ಲಿ ನೀವು ಅನುಸರಿಸುವವರ ಪೋಸ್ಟು ಮಾತ್ರ ಕಾಣುವ ‘ಫಾಲೋಯಿಂಗ್’ ಆರಿಸಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೋ ತಾನಾಗಿ ಇಳಿಯುವುದನ್ನು ನಿಲ್ಲಿಸಿ, ಗ್ರೂಪುಗಳ ಸದ್ದು ಅಡಗಿಸಿ. ಪೂರ್ತಿ ಬಿಟ್ಟುಬಿಡುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ: 2018ರ ಅಮೆರಿಕದ ಮಧ್ಯಾವಧಿ ಚುನಾವಣೆಗೆ ಮೊದಲು ನಾಲ್ಕು ವಾರ ಹಣ ಕೊಟ್ಟು ಫೇಸ್‌ಬುಕ್ ಬಿಡಿಸಿದ ಪ್ರಯೋಗದಲ್ಲಿ ಜನರ ನಡುವಿನ ರಾಜಕೀಯ ಬಿರುಕು ಕಡಿಮೆಯಾಯಿತು, ಮನಸ್ಸೂ ಸ್ವಲ್ಪ ಹಗುರಾಯಿತು, ಆದರೆ ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. ಬಿಡುವವರು ಪತ್ರಿಕೆಯನ್ನಾದರೂ ಇಟ್ಟುಕೊಳ್ಳಿ.

ಹೆಜ್ಜೆ 6: ಒಂದು ವಿಡಿಯೋವನ್ನು ಕೂತು ಪರೀಕ್ಷಿಸುವುದು

ರಾತ್ರಿ ಒಂಬತ್ತಕ್ಕೆ ಅರ್ಧ ನಿಮಿಷದ ವಿಡಿಯೋ ಬರುತ್ತದೆ ಎಂದಿಟ್ಟುಕೊಳ್ಳಿ. ‘ನಿನ್ನೆ ಉಳ್ಳಾಲದಲ್ಲಿ ನಡೆದದ್ದು. ಮಾಧ್ಯಮದವರು ತೋರಿಸುವುದಿಲ್ಲ. ಎಲ್ಲರಿಗೂ ತಲುಪಿಸಿ’ ಎಂಬ ಒಕ್ಕಣೆ. ಮೇಲೆ ಎರಡು ಬಾಣದ ಗುರುತು ಇದೆ. ಅಂದರೆ ಮೂಲದಿಂದ ಕನಿಷ್ಠ ಐದು ಕೈ ದಾಟಿ ಬಂದಿದೆ. ಇಂತಹದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳುಹಿಸಲು ಬರುವಂತೆ 2020ರಿಂದ ಮಿತಿ ಹಾಕಿದ್ದಾರೆ. ಬಾಣವಿಲ್ಲ ಎಂದ ಮಾತ್ರಕ್ಕೆ ಹೊಸದು ಎಂದು ತಿಳಿಯಬೇಡಿ. ಫೋನಿಗೆ ಇಳಿಸಿಕೊಂಡು ಮತ್ತೆ ಹಾಕಿದರೆ ಬಾಣ ಮಾಯವಾಗುತ್ತದೆ.

ಮೊದಲು ಸದ್ದು ತೆಗೆದು ನೋಡಿ. ಕೂಗಾಟ ಕೇಳಿಸದಿದ್ದರೆ ಕಣ್ಣು ಚುರುಕಾಗುತ್ತದೆ. ಎರಡೆರಡು ಸೆಕೆಂಡಿಗೆ ನಿಲ್ಲಿಸಿ ಜನರ ಹಿಂದೆ ಏನಿದೆ ಎಂದು ಗಮನಿಸಿ. ಅಂಗಡಿಯ ಬೋರ್ಡು ಯಾವ ಲಿಪಿಯಲ್ಲಿದೆ? ಮಸುಕಾದ ವಿಡಿಯೋದಲ್ಲಿ ತೆಲುಗು ಕನ್ನಡದಂತೆ ಕಾಣುತ್ತದೆ, ತಲಕಟ್ಟು ನೋಡಿದರೆ ಗೊತ್ತಾಗುತ್ತದೆ. ವಾಹನದ ನಂಬರು ಕೆಎ-19 ಮಂಗಳೂರಿನದು, ಕೆಎ-20 ಉಡುಪಿಯದು, ಕೆಎ-21 ಪುತ್ತೂರಿನದು. ಉಳ್ಳಾಲದಲ್ಲಿ ಕಾಸರಗೋಡಿನ ಕೆಎಲ್-14 ಕಂಡರೂ ಆಶ್ಚರ್ಯವಿಲ್ಲ. ಬೀದಿಯಲ್ಲಿ ನಿಂತ ಹತ್ತು ಬೈಕುಗಳಲ್ಲಿ ಒಂದೂ ಇವುಗಳಲ್ಲಿ ಇಲ್ಲವಾದರೆ ಸಂಶಯಪಡಿ. ನಿನ್ನೆ ಇಡೀ ರಾತ್ರಿ ಮಳೆ ಸುರಿದಿದ್ದರೆ ವಿಡಿಯೋದ ರಸ್ತೆ ಒಣಗಿರುವುದು ಹೇಗೆ?

ಈಗ ಸದ್ದು ಹಾಕಿ. ಉಳ್ಳಾಲದ ಜಗಳದಲ್ಲಿ ಒಂದಾದರೂ ತುಳು, ಬ್ಯಾರಿ, ಕನ್ನಡ ಅಥವಾ ಮಲಯಾಳಂ ಮಾತು ಕೇಳಬೇಕು. ಸಿಟ್ಟು ಬಂದಾಗ ಬಾಯಿಗೆ ಬರುವುದು ತಾಯಿನುಡಿಯೇ ಮಾರಾಯರೇ, ಬೇರೆ ರಾಜ್ಯದ ಹಿಂದಿ ಅಲ್ಲ.

ಎರಡು ಮೂರು ಸ್ಪಷ್ಟ ಚಿತ್ರಗಳ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಡಿ. ಬಂದ ಫಲಿತಾಂಶಗಳಲ್ಲಿ ಅತಿ ಹಳೆಯದನ್ನು ಹುಡುಕಿ. ಕೊನೆಗೆ ಪೊಲೀಸರ ಅಧಿಕೃತ ಖಾತೆ. ಇಲ್ಲಿ ಬಹಳ ಜನ ಎಡವುತ್ತಾರೆ: ಉಳ್ಳಾಲ, ಸುರತ್ಕಲ್, ಮೂಡುಬಿದಿರೆ ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿ, ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಜಿಲ್ಲಾ ಎಸ್‌ಪಿ ವ್ಯಾಪ್ತಿ. ಒಂದು ಕಡೆ ನೋಡಿ ‘ಪೊಲೀಸರು ಏನೂ ಹೇಳಿಲ್ಲ’ ಎಂದು ಹೊರಡಬೇಡಿ. ದ್ವೇಷ ಹರಡುವ ಸಂದೇಶ ಕಳುಹಿಸಿದವರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 353ನೇ ಸೆಕ್ಷನ್‌ಗಳಡಿ ಪ್ರಕರಣ ದಾಖಲಾಗಬಹುದು ಎಂಬುದೂ ನೆನಪಿರಲಿ.

ಇಷ್ಟಾದ ಮೇಲೆ ನೋಟ್ ಪುಸ್ತಕದಲ್ಲಿ ಮೂರರಲ್ಲಿ ಒಂದು ಬರೆಯಿರಿ: ನಡೆದಿದೆ, ನಡೆದಿಲ್ಲ, ಗೊತ್ತಾಗಿಲ್ಲ. ಮೂರನೆಯದನ್ನು ಬರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಖಾಲಿ ಜಾಗ ಕಂಡರೆ ಊಹೆಯನ್ನು ತಂದು ತುಂಬುತ್ತದೆ. ಮಲ್ಪೆಯ ‘ಸುವರ್ಣ ತ್ರಿಭುಜ’ ಬೋಟಿನ ಕಥೆ ಇದಕ್ಕೆ ನೋವಿನ ಸಾಕ್ಷಿ. 2018ರ ಡಿಸೆಂಬರ್‌ನಲ್ಲಿ ಏಳು ಮೀನುಗಾರರೊಂದಿಗೆ ಹೋದ ಬೋಟು ಕಾಣೆಯಾಯಿತು. ತಿಂಗಳುಗಟ್ಟಲೆ ಅಪಹರಣದ ಮಾತು ಹಬ್ಬಿತು, ರಾಜಕೀಯದವರು ಪರಸ್ಪರ ಆರೋಪ ಮಾಡಿದರು. 2019ರ ಏಪ್ರಿಲ್ 18ರಂದು ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ಲೋಕಸಭೆಗೆ ಮತದಾನವೂ ಮುಗಿಯಿತು. ಮಹಾರಾಷ್ಟ್ರದ ಮಾಲ್ವಣ್ ಕಡಲಿನಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು ಮೇ ತಿಂಗಳ ಆರಂಭದಲ್ಲಿ. ಸತ್ಯಕ್ಕೆ ಅಷ್ಟು ಸಮಯ ಬೇಕಾಗಿತ್ತು, ನಮಗೆ ಕಾಯುವ ವ್ಯವಧಾನ ಇರಲಿಲ್ಲ. 2025ರಲ್ಲಿ, ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತು ಎಂಬ ಆರೋಪದ ಪ್ರಕರಣಕ್ಕೆ ಎಸ್‌ಐಟಿ ರಚನೆಯಾಗಿ ತನಿಖೆ ನಡೆಯುತ್ತಿರುವಾಗಲೂ ಎರಡೂ ಕಡೆಯ ಯೂಟ್ಯೂಬ್ ಚಾನೆಲ್‌ಗಳು ತಮ್ಮ ತಮ್ಮ ತೀರ್ಪು ಬರೆದು ಮುಗಿಸಿದ್ದವು.

ಹೆಜ್ಜೆ 7: ಹಣ ಯಾರದು?

ಪತ್ರಿಕೆಯ ಕೊನೆಯ ಪುಟದ ಅಡಿಯಲ್ಲಿ ಇರುವೆ ಸಾಲಿನಂತಹ ಅಕ್ಷರದಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಯಾರೆಂದು ಇರುತ್ತದೆ. ಓದಿ. ಇಡೀ ಪುಟದ ಅಭಿನಂದನೆಯ ಮೂಲೆಯಲ್ಲಿ ‘ಜಾಹೀರಾತು’ ಎಂದು ಸಣ್ಣದಾಗಿ ಇದೆಯೇ ಎಂದೂ ನೋಡಿ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಹಣ ಕೊಟ್ಟು ಹಾಕಿಸಿದ ರಾಜಕೀಯ ಜಾಹೀರಾತುಗಳನ್ನು ಮೆಟಾದ ‘ಆ್ಯಡ್ ಲೈಬ್ರರಿ’ಯಲ್ಲಿ ಯಾರು ಬೇಕಾದರೂ ಹುಡುಕಬಹುದು, ಭಾರತಕ್ಕೆ ಈ ವ್ಯವಸ್ಥೆ ಬಂದದ್ದು 2019ರಲ್ಲಿ. ಊರಿನ ಹೆಸರಿಟ್ಟುಕೊಂಡು ಚುನಾವಣೆಗೆ ಮೊದಲು ಹುಟ್ಟಿ ಆಮೇಲೆ ಮಲಗುವ ಪುಟಗಳ ಖರ್ಚು ಅಲ್ಲಿ ಕಾಣಿಸುತ್ತದೆ.

ಜಾಹೀರಾತಿನ ಹಂಗು ಬೇಡವೆಂದು ನಮ್ಮೂರಿನಲ್ಲಿಯೇ ಒಂದು ಪ್ರಯತ್ನ ನಡೆದಿತ್ತು. ವಡ್ಡರ್ಸೆ ರಘುರಾಮ ಶೆಟ್ಟರು 1984ರಲ್ಲಿ ಮಂಗಳೂರಿನಿಂದ ‘ಮುಂಗಾರು’ ದಿನಪತ್ರಿಕೆ ಹೊರಡಿಸಿದಾಗ ಓದುಗರಿಂದಲೇ ಬಂಡವಾಳ ಕೂಡಿಸಲು ಹೊರಟಿದ್ದರು. ಕೊನೆಗೆ ಪತ್ರಿಕೆ ನಿಂತುಹೋಯಿತು. ಉಚಿತ ಸುದ್ದಿ ಬೇಕು, ಹಂಗಿಲ್ಲದ ಸುದ್ದಿಯೂ ಬೇಕು ಎನ್ನುವ ನಾವು ಆ ಕಥೆಯನ್ನು ಆಗಾಗ ನೆನಪಿಸಿಕೊಂಡರೆ ತಪ್ಪಿಲ್ಲ.

ಹೆಜ್ಜೆ 8: ಗ್ರೂಪಿನಲ್ಲಿ ಮಾತನಾಡುವ ಕ್ರಮ

ಇನ್ನೂರು ಜನರಿರುವ ಗ್ರೂಪಿನಲ್ಲಿ ದಿನಾ ಬರೆಯುವವರು ಐದಾರು ಮಂದಿ. ಉಳಿದವರ ಮೌನವನ್ನು ಒಪ್ಪಿಗೆ ಎಂದು ಎಲ್ಲರೂ ಓದಿಕೊಳ್ಳುತ್ತಾರೆ. ಒಪ್ಪದವನು ತಾನೊಬ್ಬನೇ ಎಂದುಕೊಂಡು ಇನ್ನಷ್ಟು ಸುಮ್ಮನಾಗುತ್ತಾನೆ. ಜರ್ಮನಿಯ ಎಲಿಜಬೆತ್ ನೊಯೆಲ್-ನಾಯ್ಮನ್ 1974ರಲ್ಲಿ ಇದನ್ನು ಮೌನದ ಸುಳಿ ಎಂದು ಕರೆದರು. ಊರಿನ ಅಭಿಪ್ರಾಯ ಇದೇ ಎಂದು ನಿಮಗೆ ಅನ್ನಿಸುವುದರಲ್ಲಿ ಎಷ್ಟು ಪಾಲು ಆ ಐದಾರು ಮಂದಿಯದು ಎಂದು ಒಮ್ಮೆ ಎಣಿಸಿ ನೋಡಿ. ಇದಕ್ಕೆ ಜೊತೆಯಾಗಿ, ಮಾಧ್ಯಮ ಬೇರೆಯವರನ್ನು ಮರುಳು ಮಾಡುತ್ತದೆ, ನನ್ನನ್ನಲ್ಲ ಎಂಬ ಭಾವನೆ ಎಲ್ಲರಿಗೂ ಇರುತ್ತದೆ. ನಿಮಗೂ ಇದೆ, ಇಲ್ಲವಾದರೆ ಇಷ್ಟರೊಳಗೆ ಎರಡು ಮೂರು ಪರಿಚಿತರ ಮುಖ ಕಣ್ಣ ಮುಂದೆ ಬರುತ್ತಿರಲಿಲ್ಲ.

ತಾಳಮದ್ದಳೆ ಕಂಡವರಿಗೆ ನಾನು ಹೇಳುವುದು ಬೇಗ ಅರ್ಥವಾದೀತು. ಒಳ್ಳೆಯ ಅರ್ಥಧಾರಿ ಎದುರಾಳಿಯ ಮಾತನ್ನು ಪೂರ್ತಿ ಕೇಳಿ, ಅದರ ಗಟ್ಟಿ ಅಂಶವನ್ನು ತಾನೇ ಎತ್ತಿಕೊಂಡು, ಆಮೇಲೆ ಖಂಡಿಸುತ್ತಾನೆ. ಕೌರವನ ಪಕ್ಷವನ್ನೂ ಸಭೆ ರಾತ್ರಿಯಿಡೀ ಕೂತು ಕೇಳುತ್ತದೆ. ಅದೇ ಸಭಿಕರು ಮೊಬೈಲಿನಲ್ಲಿ ಎರಡು ಸಾಲಿನ ವಿರೋಧಕ್ಕೆ ಗ್ರೂಪ್ ಬಿಟ್ಟು ಹೋಗುತ್ತಾರೆ!

ಹಿರಿಯರೊಬ್ಬರು ಹಳೆಯ ವಿಡಿಯೋ ಕಳುಹಿಸಿದರೆ ಎಲ್ಲರ ಮುಂದೆ ‘ಸುಳ್ಳು ಹರಡಬೇಡಿ’ ಎನ್ನಬೇಡಿ. ಅವರು ತಪ್ಪನ್ನು ಬಿಟ್ಟು ಮರ್ಯಾದೆಯನ್ನು ಕಾಯಲು ಹೊರಡುತ್ತಾರೆ. ಬೇರೆಯಾಗಿ ಬರೆಯಿರಿ: ‘ದೊಡ್ಡಪ್ಪ, ನೀವು ಕಳುಹಿಸಿದ ವಿಡಿಯೋದಲ್ಲಿ ಅಂಗಡಿಯ ಬೋರ್ಡು ತೆಲುಗಿನಲ್ಲಿದೆ. ಒಮ್ಮೆ ನಿಲ್ಲಿಸಿ ನೋಡುತ್ತೀರಾ?’ ಅವರೇ ಕಂಡುಕೊಂಡರೆ ಅವರೇ ಅಳಿಸುತ್ತಾರೆ. ಗ್ರೂಪಿನಲ್ಲಿಯೇ ತಿದ್ದಬೇಕಾಗಿ ಬಂದರೆ ನಿಜ ಸಂಗತಿಯನ್ನು ಮೊದಲ ಸಾಲಿನಲ್ಲಿ ಬರೆಯಿರಿ, ಸುಳ್ಳನ್ನು ಪದೇ ಪದೇ ಎತ್ತಿ ಹೇಳಬೇಡಿ. ಮತ್ತೆ ಮತ್ತೆ ಕೇಳಿದ ಮಾತು ನಿಜವೆಂದು ಅನ್ನಿಸತೊಡಗುತ್ತದೆ ಎಂಬುದು 1977ರಷ್ಟು ಹಿಂದೆಯೇ ಪ್ರಯೋಗದಲ್ಲಿ ಕಂಡುಬಂದ ಸಂಗತಿ.

ಎದುರು ಪಕ್ಷದವರ ಖಾತೆಗಳನ್ನು ಅನುಸರಿಸಿ, ಮನಸ್ಸು ವಿಶಾಲವಾಗುತ್ತದೆ ಎಂಬ ಸಲಹೆ ಸಾಮಾನ್ಯ. ನಾನು ಅದನ್ನು ಕೊಡುವುದಿಲ್ಲ. ಅಮೆರಿಕದಲ್ಲಿ ಹಾಗೆ ಮಾಡಿಸಿ ನೋಡಿದ 2018ರ ಪ್ರಯೋಗದಲ್ಲಿ ಕೆಲವರ ನಿಲುವು ಇನ್ನಷ್ಟು ಬಿಗಿಯಾಯಿತು. ಅಲ್ಲಿ ಸಿಗುವುದು ಆ ಪಕ್ಷದ ಅತಿ ಜೋರು ಗಂಟಲಿನವರು. ಅದರ ಬದಲು ಬೇರೆ ಪಕ್ಷಕ್ಕೆ ಮತ ಹಾಕುವ, ನಿಮಗೆ ಹೆಸರು ಹಿಡಿದು ಪರಿಚಯವಿರುವ ಒಬ್ಬರ ಜೊತೆ ಒಂದು ಚಹಾ ಕುಡಿದು, ಹೆಜ್ಜೆ 1ರ ಐದು ಸಾಲುಗಳನ್ನು ಅವರಿಂದಲೂ ಬರೆಸಿ.

ಹೆಜ್ಜೆ 9: ಚುನಾವಣೆ ಹತ್ತಿರ ಬಂದಾಗ

ಮತದಾನ ಮುಗಿಯುವ ಮೊದಲಿನ 48 ಗಂಟೆ ಬಹಿರಂಗ ಪ್ರಚಾರಕ್ಕೆ ನಿಷೇಧವಿದೆ; ಗ್ರೂಪುಗಳು ಕಾವೇರುವುದು ಆಗಲೇ. ಆ ಎರಡು ದಿನ ಹೊಸದಾಗಿ ಬಂದ ಯಾವ ‘ಬಯಲು’, ‘ಸ್ಫೋಟಕ’ ಸುದ್ದಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆ ಹೊತ್ತನ್ನು ಅಭ್ಯರ್ಥಿಗಳ ಪ್ರಮಾಣಪತ್ರ ಓದಲು ಕೊಡಿ. ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣಗಳ ವಿವರ ಚುನಾವಣಾ ಆಯೋಗದ ಜಾಲತಾಣದಲ್ಲಿ ಇರುತ್ತದೆ.

ಹೆಜ್ಜೆ 10: ಮಡಚಿಟ್ಟ ಪುಟ ತೆರೆದು, ಒಂದು ಸಾಲನ್ನು ಅರ್ಜಿಯಾಗಿಸಿ

ತಿಂಗಳು ಮುಗಿದ ಮೇಲೆ ಮೊದಲ ಪುಟ ತೆರೆಯಿರಿ. ನಿಮ್ಮ ಐದು ಸಮಸ್ಯೆಗಳಲ್ಲಿ ಎಷ್ಟರ ಬಗ್ಗೆ ಈ ತಿಂಗಳು ಒಂದಾದರೂ ಸುದ್ದಿ ಓದಿದಿರಿ? ಎಷ್ಟರ ಬಗ್ಗೆ ವಾಗ್ವಾದ ಮಾಡಿದಿರಿ? ಆರನೆಯ ಸಾಲು ಈಗಲೂ ದೇಶದ ಅತಿ ದೊಡ್ಡ ಸಮಸ್ಯೆ ಎಂದು ಅನ್ನಿಸುತ್ತದೆಯೇ, ಅಥವಾ ಆ ಜಾಗಕ್ಕೆ ಇನ್ನೊಂದು ಬಂದಿದೆಯೇ? ಹಳೆಯದು ಬಗೆಹರಿಯಿತೇ, ಬರೀ ತೆರೆಯಿಂದ ಸರಿಯಿತೇ?

ಐದರಲ್ಲಿ ಯಾರೂ ಬರೆಯದ ಒಂದನ್ನು ಆರಿಸಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ‘ಯಾಕೆ’ ಎಂದು ಕೇಳಬೇಡಿ, ದಾಖಲೆ ಕೇಳಿ. ಉದಾಹರಣೆಗೆ: ‘ನಮ್ಮ ಗ್ರಾಮದ ಕಡಲತೀರದಲ್ಲಿ ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಕೈಗೊಂಡ ತಡೆಗೋಡೆ ಕಾಮಗಾರಿಗಳ ಅಂದಾಜುಪಟ್ಟಿ, ಕಾರ್ಯಾದೇಶ ಮತ್ತು ಪಾವತಿ ಮಾಡಿದ ಬಿಲ್ಲುಗಳ ದೃಢೀಕೃತ ನಕಲು ಒದಗಿಸಿ.’ ಉತ್ತರಕ್ಕೆ 30 ದಿನದ ಗಡುವು. ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ ಸಲ್ಲಿಸಿ.

ದಾಖಲೆ ಬಂದ ಮೇಲೆ ಮೂರು ನಕಲು ಮಾಡಿಸಿ. ಒಂದನ್ನು ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಲು ಹೇಳಿ; ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಸಬೇಕೆಂದು ಪಂಚಾಯತ್ ರಾಜ್ ಕಾಯಿದೆಯಲ್ಲಿದೆ. ಇನ್ನೊಂದನ್ನು ತಾಲೂಕಿನ ವರದಿಗಾರರಿಗೆ ಕೊಡಿ. ಕಡತ ಹುಡುಕುವ ಕೆಲಸವನ್ನು ನೀವೇ ಮಾಡಿಕೊಟ್ಟಿದ್ದೀರಿ, ಪತ್ರಿಕಾಗೋಷ್ಠಿಯಷ್ಟೇ ಅಗ್ಗದಲ್ಲಿ ಅವರಿಗೊಂದು ಸುದ್ದಿ ಸಿಕ್ಕಿದೆ. ಮೂರನೆಯದನ್ನು ಗ್ರೂಪಿಗೆ ಹಾಕಿ, ಒಕ್ಕಣೆ ಏನೂ ಬರೆಯಬೇಡಿ. ಯಾರು ಮೊದಲು ಬಿಲ್ಲಿನ ಮೊತ್ತ ನೋಡುತ್ತಾರೆ, ಯಾರು ಗುತ್ತಿಗೆದಾರನ ಜಾತಿ ಕೇಳುತ್ತಾರೆ ಎಂಬುದನ್ನು ನೋಟ್ ಪುಸ್ತಕದ ಹೊಸ ಪುಟದಲ್ಲಿ ಗುರುತು ಹಾಕಿಕೊಳ್ಳಿ.